ಗಡೀಪಾರು ಮಾಡುವಾಗ ಹೆಂಡತಿ ಮಕ್ಕಳ ಲೆಕ್ಕ ಎಷ್ಟು ಹಿಡಿಯಬೇಕು?

ದಾರಿಹೋಕ
2025ರ ಮೇ ತಿಂಗಳಲ್ಲಿ ಇಟಲಿ, ಡೆನ್ಮಾರ್ಕ್ ಮುಂದೆ ನಿಂತು ಯುರೋಪಿನ 9 ದೇಶಗಳ ನಾಯಕರ ಸಹಿ ಇರೋ ಬಹಿರಂಗ ಪತ್ರ ಹೊರಡಿಸಿದ್ದು ಕೆಲವರಿಗೆ ನೆನಪಿರಬಹುದು. ಅಪರಾಧ ಮಾಡಿದ ವಿದೇಶಿಯರನ್ನ ವಾಪಸ್ ಕಳಿಸೋಕೆ ಹೋದ್ರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಲ್ಲಿರೋ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೈ ಕಟ್ಟಿಹಾಕ್ತಿದೆ ಅನ್ನೋದು ಅವರ ತಕರಾರು. ಈ ವಿಷಯ ಬಂದಾಗೆಲ್ಲ ಒಂದು ಮಾತು ಕೇಳಿಬರುತ್ತೆ: "ಅಲ್ಲೇ ಮದುವೆಯಾಗಿ ಒಂದು ಮಗು ಆದ್ರೆ ಸಾಕು, ಆಮೇಲೆ ಯಾರೂ ಅಲುಗಾಡಿಸೋಕಾಗಲ್ಲ." ಇದು ಎಷ್ಟು ನಿಜ? ಇನ್ನೊಂದು ಪ್ರಶ್ನೆ. ಸಂಸಾರ ಇದ್ದೋನಿಗೆ ಒಂದು ನ್ಯಾಯ, ಒಂಟಿಯಾಗಿ ಇರೋನಿಗೆ ಇನ್ನೊಂದು ಅಂದ್ರೆ ಹೇಗೆ? ಬಲ್ಲವರು ಹೇಳಿ.

ನೇರನುಡಿ
ನಿಜ ಎಷ್ಟೇ ಇರಲಿ, ತತ್ವ ಸರಳ. ಮನೆಗೆ ಬಂದ ನೆಂಟ ಕಪಾಟಿಗೆ ಕೈ ಹಾಕಿದರೆ ಬಾಗಿಲು ತೋರಿಸುತ್ತೇವೆ. ಮನೆಮಕ್ಕಳ ಜೊತೆ ಅವನಿಗೆ ಎಷ್ಟು ಸಲುಗೆ ಬೆಳೆದಿದೆ ಎಂದು ವಿಚಾರಿಸುತ್ತ ಕೂರುವುದಿಲ್ಲ. ಪೌರತ್ವಕ್ಕೆ ಬೆಲೆ ಇರಬೇಕಾದರೆ, ಪೌರನಲ್ಲದವನನ್ನು ಕಳಿಸುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಜೈಲಿಗೆ ಹೋಗುವ ಪೌರನೂ ಹೆಂಡತಿ ಮಕ್ಕಳನ್ನು ಬಿಟ್ಟೇ ಹೋಗುತ್ತಾನೆ. ಆಗ ಯಾರೂ ಕುಟುಂಬ ಜೀವನದ ಹಕ್ಕು ಎಂದು ಬಾಯಿಬಿಡುವುದಿಲ್ಲವಲ್ಲ?

ಕಡತಗಾರ್ತಿ
ವಲಸೆ ಪ್ರಕರಣ ನಡೆಸುವ ವಕೀಲರ ಕಚೇರಿಯಲ್ಲಿ ಕಡತ ಸಿದ್ಧಪಡಿಸುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ದಾರಿಹೋಕರ ಪ್ರಶ್ನೆ. ಮಗು ಇದ್ದ ಮಾತ್ರಕ್ಕೆ ಗಡೀಪಾರು ನಿಲ್ಲುತ್ತದೆ ಎಂಬುದು ಸುಳ್ಳು. ಈ ನ್ಯಾಯಾಲಯ ಆಧಾರವಾಗಿಟ್ಟುಕೊಳ್ಳುವ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ 1950ರಲ್ಲಿ ಸಹಿ ಬಿತ್ತು, 1953ರಲ್ಲಿ ಜಾರಿಗೆ ಬಂತು. ಅದರ 8ನೇ ವಿಧಿ ಖಾಸಗಿ ಮತ್ತು ಕುಟುಂಬ ಜೀವನವನ್ನು ಗೌರವಿಸಬೇಕು ಎನ್ನುತ್ತದೆ, ಆದರೆ ಅದೇ ವಿಧಿಯ ಎರಡನೇ ಭಾಗದಲ್ಲಿ ಸರ್ಕಾರಕ್ಕೆ ವಿನಾಯಿತಿಗಳೂ ಇವೆ: ರಾಷ್ಟ್ರೀಯ ಭದ್ರತೆ, ಅಪರಾಧ ತಡೆ, ದೇಶದ ಆರ್ಥಿಕ ಕ್ಷೇಮ ಇತ್ಯಾದಿ. ಚಿತ್ರಹಿಂಸೆಯನ್ನು ನಿಷೇಧಿಸುವ 3ನೇ ವಿಧಿಗೆ ಇಂಥ ಯಾವ ವಿನಾಯಿತಿಯೂ ಇಲ್ಲ. ಟಿವಿ ಚರ್ಚೆಗಳಲ್ಲಿ ಈ ಎರಡನ್ನೂ ಕಲಸುಮೇಲೋಗರ ಮಾಡುತ್ತಾರೆ. ವಾಪಸ್ ಹೋದರೆ ಹಿಂಸೆಗೆ ಒಳಗಾಗುತ್ತಾನೆ ಎಂಬ ಪ್ರಕರಣವೇ ಬೇರೆ, ಹೆಂಡತಿ ಇಲ್ಲೇ ಇದ್ದಾಳೆ ಎಂಬ ಪ್ರಕರಣವೇ ಬೇರೆ. ಎರಡನೆಯದರಲ್ಲಿ ಸರ್ಕಾರದ ಕಾರಣವನ್ನೂ ಸಂಸಾರದ ನಷ್ಟವನ್ನೂ ತಕ್ಕಡಿಯಲ್ಲಿಟ್ಟು ತೂಗಲೇಬೇಕು.

ಎಲ್ಲಿ ಸಂಸಾರ ಹೂಡಬೇಕು ಎಂಬುದು ದಂಪತಿಯ ಇಷ್ಟಕ್ಕೆ ಬಿಟ್ಟದ್ದಲ್ಲ ಎಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ 1985ರಷ್ಟು ಹಿಂದೆಯೇ ಅಬ್ದುಲ್‌ಅಜೀಜ್ ಪ್ರಕರಣದಲ್ಲಿ ಹೇಳಿದೆ. ಬ್ರಿಟನ್ನಿನಲ್ಲಿ ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭವಿತ್ತು, ಹೆಂಗಸು ಗಂಡನನ್ನು ಕರೆಸಿಕೊಳ್ಳುವುದು ಕಷ್ಟವಿತ್ತು. ಈ ತಾರತಮ್ಯ ತಪ್ಪು ಎಂದು ಕೋರ್ಟು ಹೇಳಿತು. ಬ್ರಿಟಿಷ್ ಸರ್ಕಾರ ಏನು ಮಾಡಿತು ಗೊತ್ತೇ? ಹೆಂಗಸರ ಹಾದಿ ಸುಗಮ ಮಾಡುವ ಬದಲು ಗಂಡಸರ ಹಾದಿಗೂ ಅದೇ ಮುಳ್ಳು ಹಾಸಿತು. ಸಮಾನತೆ ಅಂದರೆ ಸಮಾನತೆ!

ನೇರನುಡಿಯವರೇ, ನಿಮ್ಮ ನೆಂಟನ ಮಾತಿಗೆ ಒಂದು ಪ್ರಕರಣ ಇದೆ. ಬೆಲ್‌ಜೂದಿ, ಫ್ರಾನ್ಸ್, 1992. ಆತ ಹುಟ್ಟಿದ್ದೇ ಫ್ರಾನ್ಸಿನಲ್ಲಿ. ಹುಟ್ಟಿದಾಗ ಫ್ರೆಂಚ್ ಪ್ರಜೆ. ಅಪ್ಪ ಅಮ್ಮ ಅಲ್ಜೀರಿಯಾ ಮೂಲದವರು, ಆಗ ಅದು ಫ್ರಾನ್ಸಿನ ಕೈಲಿತ್ತು. ಅಲ್ಜೀರಿಯಾ ಸ್ವತಂತ್ರವಾದ ಮೇಲೆ ಫ್ರೆಂಚ್ ಪೌರತ್ವ ಉಳಿಸಿಕೊಳ್ಳಲು ಸಲ್ಲಿಸಬೇಕಿದ್ದ ಘೋಷಣೆಯನ್ನು ಅವರು ಕಾಲಕ್ಕೆ ಸರಿಯಾಗಿ ಸಲ್ಲಿಸಲಿಲ್ಲ, ಪೌರತ್ವ ಹೋಯಿತು. ಹೆಂಡತಿ ಫ್ರೆಂಚ್. ಅಪರಾಧಗಳ ಪಟ್ಟಿ ಉದ್ದವೇ ಇತ್ತು, ಅಲ್ಲಗಳೆಯುವುದಿಲ್ಲ. ಆದರೆ ಈತ ಯಾವ ಮನೆಯಿಂದ ಬಂದ ನೆಂಟ? ಗಡೀಪಾರು ಮಾಡಿದರೆ 8ನೇ ವಿಧಿಯ ಉಲ್ಲಂಘನೆಯಾಗುತ್ತದೆ ಎಂದು ಕೋರ್ಟು ತೀರ್ಪಿತ್ತಿತು.

ಹೊಸಬ
ಮೇಡಂ, ಹಾಗಾದ್ರೆ ತೂಗೋದು ಹೇಗೆ? ನ್ಯಾಯಾಧೀಶರ ಮನಸ್ಸಿಗೆ ಬಂದಂಗಾ?

ಕಡತಗಾರ್ತಿ
2001ರವರೆಗೆ ಬಹುಮಟ್ಟಿಗೆ ಹಾಗೇ ಇತ್ತು ಎನ್ನಬಹುದು. ಆ ವರ್ಷ ಬೂಲ್ತಿಫ್ ಪ್ರಕರಣದಲ್ಲಿ, ಸ್ವಿಸ್ ಹೆಂಡತಿಯಿದ್ದ ಅಲ್ಜೀರಿಯಾದವನ ವಿಷಯದಲ್ಲಿ, ಕೋರ್ಟು ಏನೇನು ನೋಡಬೇಕು ಎಂದು ಬಿಡಿಸಿ ಹೇಳಿತು. ಅಪರಾಧ ಎಷ್ಟು ಗಂಭೀರ, ಆ ದೇಶದಲ್ಲಿ ಎಷ್ಟು ಕಾಲ ಇದ್ದಾನೆ, ಅಪರಾಧದ ನಂತರ ಹೇಗೆ ನಡೆದುಕೊಂಡಿದ್ದಾನೆ, ಮದುವೆ ನಿಜವಾದದ್ದೇ, ಸಂಬಂಧ ಬೆಳೆಸುವಾಗ ಹೆಂಡತಿಗೆ ಅಪರಾಧದ ವಿಷಯ ಗೊತ್ತಿತ್ತೇ, ಅವಳು ಗಂಡನ ದೇಶಕ್ಕೆ ಹೋಗಿ ಬಾಳುವಂತಿದೆಯೇ, ಹೀಗೆ. 2006ರಲ್ಲಿ ಉನೆರ್ ಪ್ರಕರಣದಲ್ಲಿ ಮಹಾಪೀಠ, ಅಂದರೆ ಅದೇ ಕೋರ್ಟಿನ ಹೆಚ್ಚು ನ್ಯಾಯಾಧೀಶರ ದೊಡ್ಡ ಪೀಠ, ಇದಕ್ಕೆ ಮಕ್ಕಳ ಹಿತವನ್ನೂ, ಎರಡೂ ದೇಶಗಳ ಜೊತೆಗಿನ ನಂಟು ಎಷ್ಟು ಗಟ್ಟಿ ಎಂಬುದನ್ನೂ ಸೇರಿಸಿತು.

ಆದರೆ ಉನೆರ್ ಸೋತ. ಟರ್ಕಿಯವನು, 12ನೇ ವಯಸ್ಸಿಗೆ ನೆದರ್ಲೆಂಡ್ಸಿಗೆ ಬಂದವನು, ಸಂಗಾತಿಯೂ ಇಬ್ಬರು ಗಂಡುಮಕ್ಕಳೂ ಡಚ್ಚರು. ನರಹತ್ಯೆಗೆ 7 ವರ್ಷ ಶಿಕ್ಷೆಯಾಗಿತ್ತು, ಅದರ ಮೇಲೆ 10 ವರ್ಷ ದೇಶಪ್ರವೇಶ ನಿಷೇಧ. ಮಕ್ಕಳು ಇನ್ನೂ ಚಿಕ್ಕವರು, ಹೊಸ ಜಾಗಕ್ಕೆ ಹೊಂದಿಕೊಳ್ಳುವ ವಯಸ್ಸು ಎಂದಿತು ಕೋರ್ಟು. ಅಂದರೆ ಮಕ್ಕಳ ಹಿತ ನೋಡಬೇಕು ಎಂದು ಹೇಳಿದ ತೀರ್ಪಿನಲ್ಲೇ ಮಕ್ಕಳ ಎಳೆತನ ಅಪ್ಪನ ವಿರುದ್ಧ ಲೆಕ್ಕಕ್ಕೆ ಬಂತು. ಇದು ನನಗೆ ಇವತ್ತಿಗೂ ಒಪ್ಪಿಗೆಯಾಗದ ತರ್ಕ. ಪೀಠದಲ್ಲೂ ಭಿನ್ನಮತ ಇತ್ತು.

ಎರಡು ವರ್ಷ ಕಳೆದು, 2008ರಲ್ಲಿ ಮಾಸ್ಲೊವ್ ಗೆದ್ದ. ಬಲ್ಗೇರಿಯಾದ ಹುಡುಗ, 6 ವರ್ಷದವನಾಗಿ ಆಸ್ಟ್ರಿಯಾಕ್ಕೆ ಬಂದವನು, 14-15ರ ವಯಸ್ಸಿನಲ್ಲಿ ಮಾದಕವಸ್ತುವಿನ ಚಟಕ್ಕೆ ಬಿದ್ದು ಕನ್ನ ಹಾಕುತ್ತ ತಿರುಗಿದವನು. ಹೆಂಡತಿ ಇಲ್ಲ, ಮಕ್ಕಳಿಲ್ಲ. ದಾರಿಹೋಕರ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ: 8ನೇ ವಿಧಿ ಒಂಟಿಯಾದವರಿಗೂ ಅನ್ವಯಿಸುತ್ತದೆ. ಓದಿದ ಶಾಲೆ, ಆಡುವ ಭಾಷೆ, ಗೆಳೆಯರು, ಇವೆಲ್ಲ "ಖಾಸಗಿ ಜೀವನ". ಬಾಲ್ಯ ಪೂರ್ತಿ ಒಂದು ದೇಶದಲ್ಲಿ ಸಕ್ರಮವಾಗಿ ಕಳೆದವನನ್ನು ಹೊರಹಾಕಲು ಬಹಳ ಗಂಭೀರ ಕಾರಣ ಬೇಕು, ಅದರಲ್ಲೂ ಅಪ್ರಾಪ್ತನಾಗಿದ್ದಾಗ ಮಾಡಿದ ತಪ್ಪಿಗೆ ಎಂದರೆ ಇನ್ನೂ ಹೆಚ್ಚಿನ ಕಾರಣ ಬೇಕು ಎಂದಿತು ಕೋರ್ಟು.

ಬೂದುಬೆಕ್ಕು
ನಮ್ಮ ಕುಲದ ಮಾನ ಉಳಿಸಲು ಒಂದು ಮಾತು ಸೇರಿಸಲೇಬೇಕು. 2011ರಲ್ಲಿ ಬ್ರಿಟನ್ನಿನ ಗೃಹ ಸಚಿವೆ ಥೆರೇಸಾ ಮೇ ಪಕ್ಷದ ಸಮಾವೇಶದಲ್ಲಿ ಎದ್ದುನಿಂತು, ಒಬ್ಬನನ್ನು ಗಡೀಪಾರು ಮಾಡಲಾಗಲಿಲ್ಲ, ಯಾಕೆಂದರೆ ಅವನು ಬೆಕ್ಕು ಸಾಕಿದ್ದ ಎಂದರು. ಇದು ಕಟ್ಟುಕಥೆಯಲ್ಲ ಎಂದೂ ಒತ್ತಿ ಹೇಳಿದರು. ಆಮೇಲೆ ನ್ಯಾಯಾಂಗದ ಕಡೆಯಿಂದಲೇ ಸ್ಪಷ್ಟನೆ ಬಂತು: ತೀರ್ಪಿಗೂ ಬೆಕ್ಕಿಗೂ ಸಂಬಂಧವಿಲ್ಲ. ಬೊಲಿವಿಯಾದ ಆ ಮನುಷ್ಯ ಸಂಗಾತಿಯ ಜೊತೆ ವರ್ಷಗಟ್ಟಲೆ ಬಾಳಿದ್ದ. ಅಂಥ ಜೋಡಿಗಳಿಗೆ ಗೃಹ ಇಲಾಖೆಯದೇ ಒಂದು ನಿಯಮವಿತ್ತು, ಅದನ್ನು ಇಲಾಖೆ ಪಾಲಿಸಿರಲಿಲ್ಲ. ಇಬ್ಬರೂ ಒಟ್ಟಿಗೆ ಸಂಸಾರ ಮಾಡುತ್ತಿದ್ದರು ಅನ್ನುವುದಕ್ಕೆ ಕೊಟ್ಟ ವಿವರಗಳ ನಡುವೆ ಬೆಕ್ಕೂ ಒಂದಿತ್ತು, ಅಷ್ಟೇ. ಇಲಾಖೆಯ ಎಡವಟ್ಟು ಯಾರ ನೆನಪಲ್ಲೂ ಉಳಿಯಲಿಲ್ಲ. ಬೆಕ್ಕು ಮಾತ್ರ ಇನ್ನೂ ಭಾಷಣಗಳಲ್ಲಿ ಓಡಾಡುತ್ತಿದೆ.

ನೇರನುಡಿ
ಬೆಕ್ಕಿನ ಕಥೆ ಸರಿ, ನಗು ಬಂತು. ಆದರೆ ನನ್ನ ಜೈಲಿನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಇನ್ನೊಂದು ಪ್ರಶ್ನೆಯೂ ಇದೆ. ಉನೆರ್ ಪ್ರಕರಣದಲ್ಲಿ ಒಬ್ಬನ ಜೀವ ಹೋಗಿದೆ. ಸತ್ತವನಿಗೂ ಅಪ್ಪ ಅಮ್ಮ, ಅಣ್ಣ ತಮ್ಮ ಇದ್ದಿರಬಹುದು. ಅವರ ಕುಟುಂಬ ಜೀವನ ತಕ್ಕಡಿಯ ಯಾವ ತಟ್ಟೆಯಲ್ಲಿದೆ? ಈ ತೀರ್ಪುಗಳಲ್ಲಿ ಅಪರಾಧಿಯ ಮಕ್ಕಳ ಶಾಲೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಪೆಟ್ಟು ತಿಂದವರ ಬಗ್ಗೆ ಒಂದು ಸಾಲು, "ಅಪರಾಧ ಗಂಭೀರ ಸ್ವರೂಪದ್ದು" ಅಂತ. ಜನರಿಗೆ ಸಿಟ್ಟು ಬರುವುದು ಗಡೀಪಾರು ಆಗಲಿಲ್ಲ ಎಂಬ ಒಂದೇ ಕಾರಣಕ್ಕಲ್ಲ ಮೇಡಂ, ಈ ಅಸಮತೋಲನಕ್ಕೆ.

ಕಡತಗಾರ್ತಿ
ನೊಂದವರ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಗಡೀಪಾರಿನ ವಿಚಾರಣೆಯಲ್ಲಿ ಸರ್ಕಾರ ಒಂದು ಕಡೆ, ವಿದೇಶಿ ಇನ್ನೊಂದು ಕಡೆ. ನೊಂದವರು ಆ ಕೋಣೆಯಲ್ಲೇ ಇರುವುದಿಲ್ಲ. "ಅಪರಾಧ ತಡೆ" ಎಂಬ ಎರಡು ಪದದೊಳಗೆ ಅವರನ್ನು ಮಡಚಿಟ್ಟಿರುತ್ತಾರೆ.

ಜೈಲಿನ ಮಾತು ಮಾತ್ರ ಒಪ್ಪಲಾರೆ. ಗಡೀಪಾರು ಬರುವುದು ಶಿಕ್ಷೆಯ ಬದಲಿಗಲ್ಲ, ಸಾಮಾನ್ಯವಾಗಿ ಶಿಕ್ಷೆ ಮುಗಿದ ಮೇಲೆ. ಒಂದೇ ಅಪರಾಧ ಮಾಡಿದ ಪೌರ ಜೈಲಿಂದ ನೇರ ಮನೆಗೆ ಹೋಗುತ್ತಾನೆ. ಜೈಲಿನಲ್ಲಿದ್ದಾಗ ಮಕ್ಕಳು ಭೇಟಿಗೆ ಬರಬಹುದು, ಬಿಡುಗಡೆಯ ದಿನ ಗೊತ್ತಿರುತ್ತದೆ. ಗಡೀಪಾರಿಗೆ ಎಷ್ಟೋ ಸಲ ಕೊನೆಯ ದಿನವೇ ಇರುವುದಿಲ್ಲ. ನಿಷೇಧ 5 ವರ್ಷದ್ದೇ, ಜೀವಮಾನದ್ದೇ ಎಂಬುದನ್ನೂ ಸ್ಟ್ರಾಸ್‌ಬರ್ಗ್ ತೂಗಿ ನೋಡುವುದು ಇದೇ ಕಾರಣಕ್ಕೆ. 2021ರ ಸವ್ರಾನ್ ಪ್ರಕರಣ ನೋಡಿ. ಚಿಕ್ಕಂದಿನಲ್ಲೇ ಟರ್ಕಿಯಿಂದ ಡೆನ್ಮಾರ್ಕಿಗೆ ಬಂದವನು, ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವನು. ಅವನನ್ನು ಶಾಶ್ವತವಾಗಿ ಹೊರಗಿಟ್ಟಿದ್ದು 8ನೇ ವಿಧಿಯ ಉಲ್ಲಂಘನೆ ಎಂದು ಮಹಾಪೀಠ ಹೇಳಿತು. ಅಲ್ಲಿ ನಡೆದದ್ದೂ ಸಾವಿನಲ್ಲಿ ಕೊನೆಗೊಂಡ ಹಲ್ಲೆಯೇ.

ಇನ್ನು, ಹಕ್ಕು ಯಾರದ್ದು? ನಾವೆಲ್ಲ "ಅಪರಾಧಿಯ ಹಕ್ಕು" ಎನ್ನುತ್ತೇವೆ. ಹೆಂಡತಿಗೆ, ಮಗುವಿಗೆ ತಮ್ಮದೇ ಆದ ಕುಟುಂಬ ಜೀವನದ ಹಕ್ಕಿದೆ. ಸಾಮಾನ್ಯವಾಗಿ ಅವರು ಅಲ್ಲಿನ ಪೌರರೇ ಆಗಿರುತ್ತಾರೆ. ಬಿಯೊಕು-ಬೆಟ್ಸ್ ಪ್ರಕರಣದಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2008ರಲ್ಲಿ ಹೇಳಿದ್ದೇ ಇದು: ಇಡೀ ಕುಟುಂಬದ ಮೇಲಾಗುವ ಪರಿಣಾಮ ನೋಡಬೇಕು. 2011ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ (ಇದು ಸ್ಟ್ರಾಸ್‌ಬರ್ಗಿನದಲ್ಲ, ಬೇರೆಯೇ) ಸಾಂಬ್ರಾನೊ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೊಲಂಬಿಯಾದ ಅಪ್ಪ ಅಮ್ಮ, ಬೆಲ್ಜಿಯಂ ಪೌರತ್ವದ ಮಕ್ಕಳು. ಅಪ್ಪನಿಗೆ ಇರಲು ಬಿಡದಿದ್ದರೆ ಮಕ್ಕಳೂ ಒಕ್ಕೂಟವನ್ನೇ ಬಿಟ್ಟು ಹೋಗಬೇಕಾಗುತ್ತದೆ, ಆಗ ಅವರ ಪೌರತ್ವಕ್ಕೆ ಏನು ಬೆಲೆ? ಪೌರತ್ವಕ್ಕೆ ಬೆಲೆ ಇರಬೇಕು ಎಂದಿರಲ್ಲ ನೇರನುಡಿಯವರೇ, ಅದೇ ವಾದ ಇಲ್ಲಿ ತಿರುಗಿ ನಿಂತಿದೆ.

ಪಡುವಣ
ಅಮೆರಿಕದ ಕಡೆ ಇದ್ಯಾವುದೂ ಇಲ್ಲ, ಅದನ್ನ ಹೇಳೋಣ ಅಂತ ಬಂದೆ. ಇಲ್ಲಿ 8ನೇ ವಿಧಿಯಂಥದ್ದು ಇಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನ ಅಮೆರಿಕ ಅನುಮೋದಿಸಿಯೇ ಇಲ್ಲ. 1996ರ ಕಾನೂನು ಬಂದ ಮೇಲೆ "ಉಲ್ಬಣಿತ ಅಪರಾಧ" ಅನ್ನೋ ಪಟ್ಟಿಗೆ ಬಿದ್ದವನಿಗೆ ಗ್ರೀನ್ ಕಾರ್ಡ್ ಇದ್ರೂ, ಎಷ್ಟೇ ವರ್ಷದಿಂದ ಇದ್ರೂ, ಸಂಸಾರದ ಕಷ್ಟ ನೋಡಿ ಬಿಡೋ ಅಧಿಕಾರ ವಲಸೆ ನ್ಯಾಯಾಧೀಶರಿಗೆ ಹೆಚ್ಚುಕಡಿಮೆ ಇಲ್ಲ. ಹೆಸರು ಕೇಳಿ ಕೊಲೆ, ದರೋಡೆ ಮಾತ್ರ ಅಂದ್ಕೋಬೇಡಿ, 1 ವರ್ಷ ಶಿಕ್ಷೆ ಬಿದ್ದ ಕಳ್ಳತನವೂ ಆ ಪಟ್ಟಿಯಲ್ಲಿದೆ.

ಕಾಗದ ಇಲ್ದೆ ಇರೋರಿಗೆ ಒಂದು ಸಣ್ಣ ಕಿಂಡಿ ಇದೆ. 10 ವರ್ಷ ಸತತವಾಗಿ ಇದ್ದಿರಬೇಕು, ನಡತೆ ಚೆನ್ನಾಗಿರಬೇಕು, ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರೋ ಗಂಡ, ಹೆಂಡತಿ, ಅಪ್ಪ, ಅಮ್ಮ ಅಥವಾ ಮಗುವಿಗೆ "ಅಸಾಧಾರಣ ಮತ್ತು ತೀರಾ ಅಪರೂಪದ" ಕಷ್ಟ ಆಗುತ್ತೆ ಅಂತ ತೋರಿಸಬೇಕು. ಗಮನಿಸಿ, ಹೊರಹೋಗೋನಿಗೇ ಆಗೋ ಕಷ್ಟ ಲೆಕ್ಕಕ್ಕೇ ಇಲ್ಲ. ಅಪ್ಪ ಹೋದ್ರೆ ಮಗು ಅಳುತ್ತೆ ಅನ್ನೋದು ಸಾಕಾಗಲ್ಲ, ಯಾಕಂದ್ರೆ ಅದು ಎಲ್ಲ ಮಕ್ಕಳಿಗೂ ಆಗೋದು, ಅಪರೂಪದ್ದಲ್ಲ! ಇಷ್ಟೆಲ್ಲ ಗೆದ್ರೂ ಇಡೀ ದೇಶಕ್ಕೆ ವರ್ಷಕ್ಕೆ 4,000 ಜನಕ್ಕೆ ಮಾತ್ರ.

"ಮಗು ಇಲ್ಲಿ ಹುಟ್ಟಿದ್ರೆ ಅಪ್ಪ ಅಮ್ಮ ಸೇಫ್" ಅನ್ನೋದೂ ಪುಕಾರು. ಆ ಮಗುವಿಗೆ 21 ತುಂಬೋವರೆಗೆ ಅಪ್ಪ ಅಮ್ಮನ ಪರವಾಗಿ ಅರ್ಜಿ ಹಾಕೋಕೇ ಬರಲ್ಲ. ಅಕ್ರಮವಾಗಿ 1 ವರ್ಷ ಅಥವಾ ಹೆಚ್ಚು ಇದ್ದು ಹೊರಗೆ ಹೋದ್ರೆ 10 ವರ್ಷ ಬಾಗಿಲು ಬಂದ್. 2024ರಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇರವಾಗಿ ಹೇಳ್ತು: ಪೌರಳಾದ ಹೆಂಡತಿಗೆ ತನ್ನ ವಿದೇಶಿ ಗಂಡನನ್ನ ದೇಶದೊಳಗೆ ಬಿಡಿಸಿಕೊಳ್ಳೋ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲ.

ಇದ್ದಿದ್ರಲ್ಲಿ ಒಳ್ಳೇದು ಅಂದ್ರೆ 2010ರ ಪಡಿಯಾ ತೀರ್ಪು. ಕ್ರಿಮಿನಲ್ ಕೇಸಲ್ಲಿ ತಪ್ಪೊಪ್ಪಿಗೆ ಕೊಡೋಕೆ ಮುಂಚೆ "ಇದರಿಂದ ಡಿಪೋರ್ಟ್ ಆಗಬಹುದು" ಅಂತ ವಕೀಲ ಹೇಳಲೇಬೇಕು. ಬೇಗ ಮುಗೀಲಿ ಅಂತ ಸಣ್ಣ ಶಿಕ್ಷೆಗೆ ಒಪ್ಪಿಕೊಂಡು, ಆಮೇಲೆ ದೇಶವನ್ನೇ ಕಳ್ಕೊಂಡೋರ ಕಥೆ ಇಲ್ಲಿ ಬೇಕಾದಷ್ಟಿವೆ.

ದಾರಿಹೋಕ
ಅಪರಾಧ ಮಾಡಿದೋರ ಬಗ್ಗೆ ಇಷ್ಟು ಮಾತಾಯ್ತು. ಏನೂ ಮಾಡದೆ, ವೀಸಾ ಮುಗಿದ ಮೇಲೂ ಉಳ್ಕೊಂಡೋರ ಗತಿ ಯುರೋಪಿನಲ್ಲಿ ಹೇಗೆ? ಅವರಿಗೆ ಸಲೀಸಾಗಿರಬೇಕಲ್ಲ, ಅಪರಾಧವೇ ಇಲ್ಲವಲ್ಲ?

ಕಡತಗಾರ್ತಿ
ತಿರುಗಾಮುರುಗಾ! ಈ ಚರ್ಚೆಯಲ್ಲಿ ಜನ ಅತಿ ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. ಸಕ್ರಮವಾಗಿ ನೆಲೆಸಿ ಅಪರಾಧ ಮಾಡಿದವನಿಗೆ ಬೂಲ್ತಿಫ್, ಉನೆರ್ ಅಳತೆಗೋಲು. ನೆಲೆಸುವ ಪರವಾನಗಿಯೇ ಇಲ್ಲದೆ, ಯಾರ ತಂಟೆಗೂ ಹೋಗದೆ ದುಡಿದು ತಿಂದವನಿಗೆ ಬೇರೆಯೇ ಅಳತೆಗೋಲು, ಅದೂ ಹೆಚ್ಚು ಬಿಗಿ. "ಇಲ್ಲಿ ಇರಲು ಬಿಡುತ್ತಾರೋ ಇಲ್ಲವೋ ಎಂಬುದು ಖಾತ್ರಿಯಿಲ್ಲ ಎಂದು ಗೊತ್ತಿದ್ದೂ ಸಂಸಾರ ಹೂಡಿದಿರಲ್ಲ" ಎಂಬ ಪ್ರಶ್ನೆ ಮೊದಲು ಬರುತ್ತದೆ. ಅಂಥವರನ್ನು ಕಳಿಸುವುದು ತೀರಾ ಅಪವಾದದ ಸಂದರ್ಭದಲ್ಲಿ ಮಾತ್ರ 8ನೇ ವಿಧಿಯ ಉಲ್ಲಂಘನೆ. ಬ್ರಿಟನ್ ಇದನ್ನು 2014ರಲ್ಲಿ ಕಾಯ್ದೆಯಲ್ಲೇ ಬರೆದಿಟ್ಟಿತು: ಅಕ್ರಮವಾಗಿದ್ದಾಗ ಕಟ್ಟಿಕೊಂಡ ದಾಂಪತ್ಯಕ್ಕೆ ಕಡಿಮೆ ತೂಕ ಕೊಡಬೇಕು.

ಆ ಅಪವಾದ ಹೇಗಿರುತ್ತದೆ ಎಂಬುದಕ್ಕೆ 2014ರ ಜೋನೆಸ್ ಪ್ರಕರಣ. ಸುರಿನಾಮ್ ದೇಶದ ಹೆಂಗಸು. ಸುರಿನಾಮ್ ಡಚ್ಚರ ಕೈಲಿದ್ದಾಗ ಹುಟ್ಟಿದವಳು, ಡಚ್ ಪ್ರಜೆಯೇ ಆಗಿದ್ದಳು, 1975ರಲ್ಲಿ ದೇಶ ಸ್ವತಂತ್ರವಾದಾಗ ಆ ಪೌರತ್ವ ಹೋಯಿತು. 1997ರಲ್ಲಿ ಪ್ರವಾಸಿ ವೀಸಾದ ಮೇಲೆ ನೆದರ್ಲೆಂಡ್ಸಿಗೆ ಬಂದಳು, ಡಚ್ ಪ್ರಜೆಯನ್ನು ಮದುವೆಯಾದಳು, ಮೂರು ಮಕ್ಕಳಾದವು. ಅರ್ಜಿ ಮೇಲೆ ಅರ್ಜಿ ತಿರಸ್ಕೃತ. ಆದರೆ ವಿಳಾಸ ಗೊತ್ತಿದ್ದೂ 16 ವರ್ಷ ಸರ್ಕಾರ ಅವಳನ್ನು ಕಳಿಸಲೂ ಇಲ್ಲ, ಇರು ಎನ್ನಲೂ ಇಲ್ಲ. ಮಹಾಪೀಠ ಅವಳ ಪರ ನಿಂತಿತು. ಮಕ್ಕಳನ್ನು ದಿನದಿನವೂ ನೋಡಿಕೊಳ್ಳುತ್ತಿದ್ದವಳು ಅವಳೇ ಎಂಬುದು, ಸರ್ಕಾರ ಅಷ್ಟು ವರ್ಷ ಸುಮ್ಮನಿದ್ದದ್ದು, ಎರಡೂ ಲೆಕ್ಕಕ್ಕೆ ಬಂದವು.

ನನ್ನ ಮಟ್ಟಿಗೆ ಈ ಇಡೀ ವಿಷಯದ ಗಂಟು ಇರುವುದು ಈ "ಸುಮ್ಮನಿದ್ದದ್ದರಲ್ಲಿ". ಇಲಾಖೆ ಒಂದು ಅರ್ಜಿಯನ್ನು ವರ್ಷಗಟ್ಟಲೆ ಕಪಾಟಿನಲ್ಲಿಡುತ್ತದೆ. ಆ ಅವಧಿಯಲ್ಲಿ ಮನುಷ್ಯ ಮದುವೆಯಾಗುತ್ತಾನೆ, ಮಗು ಹುಟ್ಟುತ್ತದೆ, ಶಾಲೆಗೂ ಸೇರುತ್ತದೆ. ಆಮೇಲೆ ಅದೇ ಇಲಾಖೆ ಬಂದು "ಅನಿಶ್ಚಿತ ಸ್ಥಿತಿಯಲ್ಲಿ ಯಾಕೆ ಸಂಸಾರ ಕಟ್ಟಿದೆ?" ಎನ್ನುತ್ತದೆ. ಆ ಅನಿಶ್ಚಿತತೆ ಹುಟ್ಟಿಸಿದವರು ಯಾರು? ಸರ್ಕಾರದ ವಿಳಂಬದಿಂದ ಬೇರು ಆಳಕ್ಕಿಳಿದಿದ್ದರೆ ಅದನ್ನು ವಿದೇಶಿಯ ಪರವಾಗಿ ಪರಿಗಣಿಸಬಹುದು ಎಂದು 2008ರಲ್ಲಿ ಕೊಸೊವೊ ಹುಡುಗನೊಬ್ಬನ ಪ್ರಕರಣದಲ್ಲಿ ಲಾರ್ಡ್ಸ್ ಹೇಳಿದರು. ಬೇಗ ತೀರ್ಮಾನಿಸಿದ್ದರೆ ಅರ್ಧಕ್ಕರ್ಧ ಸಂಕಟಗಳು ಹುಟ್ಟುತ್ತಲೇ ಇರಲಿಲ್ಲ. 9 ನಾಯಕರು ಕೋರ್ಟಿನ ಮೇಲೆ ಪತ್ರ ಬರೆದರು. ತಂತಮ್ಮ ಕಚೇರಿಗಳ ಕಡತಗಳಿಗೂ ಒಂದು ಪತ್ರ ಬರೆಯಬಹುದಿತ್ತು.

ತಾಳೆಗರಿ
ಭಾರತದ ಸ್ಥಿತಿ ಯಾರೂ ಹೇಳಲಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಸಂವಿಧಾನದ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ವಿದೇಶಿಯರಿಗೂ ಉಂಟು. ದೇಶದಲ್ಲಿ ನೆಲೆಸುವ ಹಕ್ಕು ಕೊಡುವ 19(1)(ಇ) ಪೌರರಿಗೆ ಮಾತ್ರ. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರ ಅಬಾಧಿತ ಎಂದು ಸುಪ್ರೀಂ ಕೋರ್ಟು 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲೇ ಹೇಳಿತ್ತು. 1991ರ ಲೂಯಿ ದ ರೇಟ್ ಪ್ರಕರಣದಲ್ಲಿ ಅರ್ಜಿದಾರ 1937ರಿಂದ ಭಾರತದಲ್ಲಿದ್ದ ಬೆಲ್ಜಿಯಂ ಮಿಷನರಿ. ಅರ್ಧ ಶತಮಾನ ಇದ್ದರೂ ಇರುವ ಹಕ್ಕು ಹುಟ್ಟುವುದಿಲ್ಲ ಎಂದಾಯಿತು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಅಲ್ಲೂ ಕುಟುಂಬವನ್ನು ತೂಗುವ ಸ್ಟ್ರಾಸ್‌ಬರ್ಗ್ ಮಾದರಿಯ ತಕ್ಕಡಿ ಇಲ್ಲ.

ಹಾಗೆಂದು ಅಂತರರಾಷ್ಟ್ರೀಯ ಕಾನೂನು ಸುಮ್ಮನಿಲ್ಲ. ಆಸ್ಟ್ರೇಲಿಯಾದ ನಿಸ್ಟ್ರೊಮ್ ಪ್ರಕರಣ ಓದಿ. 27 ದಿನದ ಕೂಸಾಗಿ ಆಸ್ಟ್ರೇಲಿಯಾಕ್ಕೆ ಬಂದವನನ್ನು ಅಪರಾಧಗಳ ಕಾರಣಕ್ಕೆ ಸ್ವೀಡನ್ನಿಗೆ ಕಳಿಸಿದರು. ಅವನಿಗೆ ಸ್ವೀಡಿಷ್ ಭಾಷೆಯೇ ಬಾರದು. ಪೌರತ್ವ ಇಲ್ಲದಿದ್ದರೂ ಆಸ್ಟ್ರೇಲಿಯಾ ಅವನ "ಸ್ವಂತ ದೇಶ"ವೇ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ ಅಭಿಪ್ರಾಯಪಟ್ಟಿತು. ಆಸ್ಟ್ರೇಲಿಯಾ ಮಣಿಯಲಿಲ್ಲ. 2014ರ ಕೊನೆಗೆ ಕಾನೂನನ್ನು ಇನ್ನೂ ಬಿಗಿ ಮಾಡಿ, 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾಗಿ ಜೈಲಲ್ಲಿರುವವನ ವೀಸಾ ಕಡ್ಡಾಯವಾಗಿ ರದ್ದು ಎಂದಿತು.

ನೇರನುಡಿ
ನಿಸ್ಟ್ರೊಮ್ ವಿಷಯ ನನಗೂ ಸರಿ ಅನಿಸಲಿಲ್ಲ. 27 ದಿನದ ಕೂಸಾಗಿ ಬಂದವನು ಕಳ್ಳನಾಗಿದ್ದರೆ ಆಸ್ಟ್ರೇಲಿಯಾವೇ ಬೆಳೆಸಿದ ಕಳ್ಳ, ಸ್ವೀಡನ್ ಯಾಕೆ ಹೊರಬೇಕು? ಆದರೆ ದೊಡ್ಡವನಾಗಿ ಬಂದು, ಬಂದ ಕೆಲವೇ ವರ್ಷಕ್ಕೆ ಘೋರ ಅಪರಾಧ ಮಾಡಿ, ವಿಚಾರಣೆ ನಡೆಯುವಾಗ ಮದುವೆಯಾದವನಿಗೆ ಇದೇ ತಕ್ಕಡಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ತೂಗಲು ಏನೂ ಇಲ್ಲ.

ಕಡತಗಾರ್ತಿ
ತೂಗಿದರೂ ಅಂಥವರು ಬಹುತೇಕ ಸೋಲುತ್ತಾರೆ. ಬ್ರಿಟನ್ನಿನಲ್ಲಿ 4 ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಿದ್ದರೆ ಹೆಂಡತಿ ಮಕ್ಕಳ ಸಂಕಟ ಮಾತ್ರ ಸಾಲದು, ಅದಕ್ಕೂ ಮೀರಿದ ಪ್ರಬಲ ಕಾರಣ ಬೇಕು. ನಾನು ಕೇಳುವುದು ಇಷ್ಟೇ, ತೂಗಿ ಸೋಲಿಸಿ. ತೂಗದೆ ಸೋಲಿಸಿದರೆ ಮಾಸ್ಲೊವ್‌ನಂಥವನೂ ಅದೇ ಬಲೆಗೆ ಬೀಳುತ್ತಾನೆ.

ಹೊಸಬ
ಒಂದು ಸ್ವಂತ ಪ್ರಶ್ನೆ. ಪರಿಚಯದವರೊಬ್ಬರಿಗೆ ಯುರೋಪಿನಲ್ಲಿ ಇಂಥದ್ದೇ ನೋಟೀಸು ಬಂದಿದೆ, ಹೆಂಡತಿ ಅಲ್ಲಿಯ ಪ್ರಜೆ, ಮಗು ಶಾಲೆಗೆ ಹೋಗ್ತಿದೆ. ಯಾವ ದೇಶ ಅಂತ ಇಲ್ಲಿ ಬರೆಯಲ್ಲ. ಏನು ಕಾಗದ ಜೋಡಿಸಬೇಕು?

ಕಡತಗಾರ್ತಿ
ಮೊದಲು ನೋಟೀಸು ಕೈಗೆ ಬಂದ ತಾರೀಕು ನೋಡಲು ಹೇಳಿ. ಅಪೀಲಿನ ಗಡುವು ಕೆಲವೆಡೆ ದಿನಗಳ ಲೆಕ್ಕದಲ್ಲಿರುತ್ತದೆ. ಸೋಲುವ ಪ್ರಕರಣಗಳಲ್ಲಿ ಎಷ್ಟೋ ಈ ಹಂತದಲ್ಲೇ ಸೋತಿರುತ್ತವೆ. "ಸ್ವಇಚ್ಛೆಯಿಂದ ಹೊರಡುತ್ತೇನೆ" ಎಂಬ ಕಾಗದ ಮುಂದಿಟ್ಟರೆ ವಕೀಲರಿಗೆ ತೋರಿಸದೆ ಸಹಿ ಬೇಡ.

ಸಾಕ್ಷ್ಯದ ವಿಷಯದಲ್ಲಿ ಜನ ಮದುವೆ ಫೋಟೋ ರಾಶಿ ಹಾಕಿ ತರುತ್ತಾರೆ. ಅದಕ್ಕಿಂತ ಬೆಲೆಬಾಳುವುದು ಸಪ್ಪೆ ಕಾಗದಗಳು. ಮಗುವನ್ನು ಶಾಲೆಗೆ ಬಿಡುವುದು, ಕರೆತರುವುದು ಯಾರು ಎಂದು ಶಿಕ್ಷಕಿಯ ಪತ್ರ, ಲಸಿಕೆಗೋ ಜ್ವರಕ್ಕೋ ಆಸ್ಪತ್ರೆಗೆ ಕರೆದೊಯ್ದ ದಾಖಲೆ, ಇಬ್ಬರ ಹೆಸರಲ್ಲಿರುವ ಬಾಡಿಗೆ ಕರಾರು. ಹೆಂಡತಿ ಗಂಡನ ದೇಶಕ್ಕೆ ಹೋಗಲಾಗದು ಎಂದಾದರೆ ಯಾಕೆ ಎಂಬುದಕ್ಕೂ ಆಧಾರ ಬೇಕು: ಅವಳ ಕೆಲಸ, ವಯಸ್ಸಾದ ಅಪ್ಪ ಅಮ್ಮ, ಮೊದಲ ಮದುವೆಯ ಮಗು ಇದ್ದರೆ ಅದರ ಪಾಲನೆಯ ಆದೇಶ. "ಫೋನಿನಲ್ಲಿ ವಿಡಿಯೊ ಮೂಲಕ ಮಗುವಿನ ಜೊತೆ ಮಾತಾಡಬಹುದಲ್ಲ" ಎಂದು ಸರ್ಕಾರಿ ವಕೀಲರು ಖಂಡಿತ ಕೇಳುತ್ತಾರೆ, ಅದಕ್ಕೆ ಉತ್ತರ ಇಟ್ಟುಕೊಂಡಿರಲಿ. ಅಪರಾಧದ ಹಿನ್ನೆಲೆ ಇದ್ದರೆ ಮುಚ್ಚಿಡುವುದು ಬೇಡ. ಇಲಾಖೆಯ ಬಳಿ ಹೇಗೂ ಇರುತ್ತದೆ. ಇಲ್ಲಿ ಹೇಳಿದ್ದು ಸಾಮಾನ್ಯ ಮಾತು, ಆ ದೇಶದ ಪರವಾನಗಿ ಇರುವ ವಕೀಲರನ್ನು ಕಾಣುವುದು ತಪ್ಪಬಾರದು.

ಹೊಸಬ
ಸರಿ ಮೇಡಂ, ಇವತ್ತೇ ಫೋನ್ ಮಾಡಿ ತಾರೀಕು ಕೇಳ್ತೀನಿ. ಅಪರಾಧ ಏನೂ ಇಲ್ಲ, ವೀಸಾ ಅವಧಿ ಮೀರಿದ್ದು ಅಷ್ಟೇ.

ಕಡತಗಾರ್ತಿ
ಹಾಗಿದ್ದರೆ ಹಳೆಯ ಅರ್ಜಿಗಳ ಸ್ವೀಕೃತಿ ಪತ್ರಗಳನ್ನೂ ಹುಡುಕಿಸಿ. ಇಲಾಖೆ ಎಷ್ಟು ಕಾಲ ಉತ್ತರ ಕೊಡದೆ ಕೂತಿತ್ತು ಎಂಬುದು ಅವುಗಳಿಂದಲೇ ಗೊತ್ತಾಗಬೇಕು.